‘ಕೇಳಬಹುದು’ ಬೇರೆ, ‘ಕೇಳಲೇಬೇಕು’ ಬೇರೆ

ಹಿಂದಿನ ಸಂಚಿಕೆಯಲ್ಲಿ ಜನಮತಗಣನೆ, ಅಂದರೆ ಒಂದು ಪ್ರಶ್ನೆಗೆ ಮತದಾರರೇ ನೇರವಾಗಿ ಹೂಂ ಅಥವಾ ಉಹೂಂ ಅಂತ ಮತ ಹಾಕುವುದರ ಬಗ್ಗೆ ಒಂದು ಚಿಕ್ಕ ಉತ್ತರ ಬರೆದಿದ್ದೆ. ಕೆಲವು ದೇಶಗಳಲ್ಲಿ ಸಂವಿಧಾನ ತಿದ್ದುವ ಮುಂಚೆ ಜನರನ್ನು ಕೇಳಲೇಬೇಕು ಅಂತ ಅದರಲ್ಲಿ ಒಂದು ಸಾಲು ಇತ್ತು. ಆ ಒಂದು ಸಾಲಿಗೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಅದಕ್ಕೇ ಈ ಸಲ ಬೇರೆಲ್ಲ ವಿಷಯ ಪಕ್ಕಕ್ಕಿಟ್ಟು ಇದೊಂದನ್ನೇ ತೆಗೆದುಕೊಂಡಿದ್ದೇನೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ.

ಪ್ರಶ್ನೆ: ಜನಮತಗಣನೆ ನಡೆಸುವುದು ಬಿಡುವುದು ಸರ್ಕಾರದ ಇಷ್ಟ ತಾನೇ? ಬ್ರೆಕ್ಸಿಟ್ ಹಾಗೇ ಆಗಿದ್ದು ಅಲ್ವಾ? ಹಾಗಿದ್ದಮೇಲೆ ‘ಕೇಳಲೇಬೇಕು’ ಅಂತ ಬರೆದದ್ದು ಯಾವ ಅರ್ಥದಲ್ಲಿ?

ಉತ್ತರ: ಬ್ರೆಕ್ಸಿಟ್ ಬಗ್ಗೆ ನೀವು ಹೇಳಿದ್ದು ಸರಿ. ಬ್ರಿಟನ್ನಿಗೆ ಒಂದೇ ಪುಸ್ತಕದಲ್ಲಿ ಬರೆದಿಟ್ಟ ಸಂವಿಧಾನ ಇಲ್ಲ. ಐರೋಪ್ಯ ಒಕ್ಕೂಟ ಬಿಡುವ ಮುಂಚೆ ಜನರನ್ನು ಕೇಳಿ ಅಂತ ಸಂವಿಧಾನದ ಕಟ್ಟಳೆ ಏನೂ ಇರಲಿಲ್ಲ. ಪ್ರಧಾನಿ ಡೇವಿಡ್ ಕ್ಯಾಮರೂನ್ ಅವರ ಪಕ್ಷ ಚುನಾವಣೆಯಲ್ಲಿ ಮಾತು ಕೊಟ್ಟಿತ್ತು. ಗೆದ್ದಮೇಲೆ 2015ರಲ್ಲಿ ಸಂಸತ್ತು ಅದಕ್ಕೊಂದು ಕಾನೂನು ಮಾಡಿತು, 2016ರ ಜೂನ್ 23ಕ್ಕೆ ಮತದಾನ ನಡೆಯಿತು, ಶೇ 51.9ರಷ್ಟು ಮತಗಳು ಹೊರಗೆ ಹೋಗೋಣ ಅಂದವು. ಕಾನೂನಿನ ಲೆಕ್ಕದಲ್ಲಿ ಅದು ಒಂದು ಸಲಹೆ ಅಷ್ಟೇ. ಇದು ‘ಕೇಳಬಹುದು’ ಜಾತಿಯದು.

ಈಗ ಪಕ್ಕದ ಐರ್ಲೆಂಡ್ ನೋಡಿ. ಅವರ 1937ರ ಸಂವಿಧಾನದ 46ನೇ ವಿಧಿಯ ಪ್ರಕಾರ, ಸಂವಿಧಾನದ ಯಾವ ಮಾತು ಬದಲಾಗಬೇಕಾದರೂ ಮೊದಲು ಸಂಸತ್ತಿನ ಎರಡೂ ಸದನ ಮಸೂದೆ ಪಾಸು ಮಾಡಬೇಕು. ಆಮೇಲೆ ಅದು ಜನರ ಮುಂದೆ ಹೋಗಲೇಬೇಕು. ಜನ ಹೂಂ ಅಂದರೆ ಮಾತ್ರ ಅಧ್ಯಕ್ಷರ ಸಹಿ. 2024ರ ಮಾರ್ಚ್ 8ರಂದು ಅಲ್ಲಿ ಕುಟುಂಬದ ವ್ಯಾಖ್ಯೆ ಮತ್ತು ಮನೆಯೊಳಗಿನ ಆರೈಕೆ ಕುರಿತ ಎರಡು ತಿದ್ದುಪಡಿಗಳು ಮತಕ್ಕೆ ಬಂದವು. ಆಳುವ ಪಕ್ಷಗಳಷ್ಟೇ ಅಲ್ಲ, ದೊಡ್ಡ ವಿರೋಧ ಪಕ್ಷಗಳೂ ಬೆಂಬಲಕ್ಕೆ ನಿಂತಿದ್ದವು. ಜನ ಎರಡನ್ನೂ ತಳ್ಳಿಹಾಕಿದರು. ಒಂದಕ್ಕೆ ಶೇ 67.7ರಷ್ಟು ‘ಬೇಡ’, ಇನ್ನೊಂದಕ್ಕೆ ಶೇ 73.9ರಷ್ಟು ‘ಬೇಡ’. ಸಂಸತ್ತಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ಒಂದು ಕಡೆ ಇದ್ದರೂ ಕೆಲಸ ಆಗಲಿಲ್ಲ.

‘ಕೇಳಲೇಬೇಕು’ ಅನ್ನುವ ಮಾತಿನಲ್ಲಿರುವ ಆ ‘ಲೇ’ ಇದೆಯಲ್ಲ, ನನಗೆ ಈ ಇಡೀ ವಿಷಯದಲ್ಲಿ ಮುಖ್ಯವಾಗಿ ಕಾಣುವುದು ಅದೇ. ‘ಕೇಳಬಹುದು’ ಅಂತ ಮಾತ್ರ ಇದ್ದರೆ ಯಾವಾಗ ಕೇಳಬೇಕು, ಏನು ಕೇಳಬೇಕು ಎಲ್ಲ ಆಳುವವರ ಕೈಲಿ. ಗೆಲ್ಲುತ್ತೇವೆ ಅನ್ನಿಸಿದಾಗ ಕೇಳುತ್ತಾರೆ. ಸೋಲುತ್ತೇವೆ ಅನ್ನಿಸಿದರೆ ಸುಮ್ಮನಿರುತ್ತಾರೆ. ‘ಲೇ’ ಬಂದ ತಕ್ಷಣ ಆ ಆಯ್ಕೆ ಅವರ ಕೈ ತಪ್ಪುತ್ತದೆ.

ಪ್ರಶ್ನೆ: ಯಾವ ಯಾವ ವಿಷಯಕ್ಕೆ ಜನಮತಗಣನೆ ಕಡ್ಡಾಯ? ಎಲ್ಲ ದೇಶಕ್ಕೂ ಒಂದೇ ನಿಯಮ ಇದೆಯಾ?

ಉತ್ತರ: ಒಂದೇ ನಿಯಮ ಇಲ್ಲ. ಆದರೆ ಸಂವಿಧಾನಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಕೆಲವು ವಿಷಯಗಳು ಮತ್ತೆ ಮತ್ತೆ ಕಾಣುತ್ತವೆ.

ಕೆಲವು ಕಡೆ ಸಂವಿಧಾನದ ಯಾವ ತಿದ್ದುಪಡಿಯಾದರೂ ಸರಿ, ಜನರ ಹತ್ತಿರ ಹೋಗಬೇಕು. ಐರ್ಲೆಂಡ್ ಹೇಳಿದೆ. ಸ್ವಿಟ್ಜರ್ಲೆಂಡಿನಲ್ಲಿ 1848ರಿಂದಲೂ ಹೀಗೇ. ಆಸ್ಟ್ರೇಲಿಯಾ, ಡೆನ್ಮಾರ್ಕ್, ಜಪಾನ್, ದಕ್ಷಿಣ ಕೊರಿಯಾ ಕೂಡ ಇದೇ ಸಾಲಿನಲ್ಲಿವೆ.

ಇನ್ನು ಕೆಲವು ದೇಶಗಳು ಸಂವಿಧಾನದ ಕೆಲವೇ ಭಾಗಗಳಿಗೆ ಈ ಬೀಗ ಹಾಕಿವೆ. ಶ್ರೀಲಂಕಾದ 1978ರ ಸಂವಿಧಾನದಲ್ಲಿ 83ನೇ ವಿಧಿ ಅಂಥದ್ದು. ದೇಶ ಏಕೀಕೃತ ಅನ್ನುವುದು, ಸಾರ್ವಭೌಮತ್ವ ಜನರದ್ದು ಅನ್ನುವುದು, ಬಾವುಟ, ರಾಷ್ಟ್ರಗೀತೆ, ಬೌದ್ಧಧರ್ಮಕ್ಕೆ ಕೊಟ್ಟ ಸ್ಥಾನ, ಧರ್ಮ ಮತ್ತು ವಿಚಾರದ ಸ್ವಾತಂತ್ರ್ಯ, ಚಿತ್ರಹಿಂಸೆ ಕೂಡದು ಅನ್ನುವ ವಿಧಿ, ಇವುಗಳಲ್ಲಿ ಯಾವುದನ್ನು ಮುಟ್ಟಬೇಕಾದರೂ ಸಂಸತ್ತಿನ ಮೂರನೇ ಎರಡು ಬಹುಮತ ಸಾಲದು, ಜನರ ಒಪ್ಪಿಗೆಯೂ ಬೇಕು. 83ನೇ ವಿಧಿಯನ್ನೇ ತೆಗೆದುಹಾಕಿ ದಾರಿ ಸುಲಭ ಮಾಡಿಕೊಳ್ಳೋಣ ಅಂದರೆ ಅದಕ್ಕೂ ಜನಮತಗಣನೆ ಬೇಕು. ಬರೆದವರು ಅದನ್ನೂ ಯೋಚಿಸಿದ್ದರು. ಐಸ್‌ಲೆಂಡಿನಲ್ಲಿ ರಾಷ್ಟ್ರೀಯ ಚರ್ಚಿನ ಸ್ಥಾನಮಾನ ಬದಲಿಸಬೇಕಾದರೆ ಜನರನ್ನು ಕೇಳಬೇಕು. ಲಿಥುವೇನಿಯಾದಲ್ಲಿ ‘ಇದು ಸ್ವತಂತ್ರ, ಪ್ರಜಾಸತ್ತಾತ್ಮಕ ಗಣರಾಜ್ಯ’ ಅನ್ನುವ ಮೊದಲ ವಿಧಿ ಬದಲಾಗಬೇಕಾದರೆ ಒಟ್ಟು ಮತದಾರರಲ್ಲಿ ಮುಕ್ಕಾಲು ಪಾಲು ಜನ ಒಪ್ಪಬೇಕು. ಮತ ಹಾಕಿದವರಲ್ಲಿ ಮುಕ್ಕಾಲು ಅಲ್ಲ, ಪಟ್ಟಿಯಲ್ಲಿ ಇರುವವರಲ್ಲಿ ಮುಕ್ಕಾಲು. ಅರ್ಧ ಶತಮಾನ ಸ್ವಾತಂತ್ರ್ಯ ಕಳಕೊಂಡಿದ್ದ ದೇಶ ಅದು, ಹೀಗೆ ಬರೆದುಕೊಂಡದ್ದು ಸುಮ್ನೆ ಅಲ್ಲ.

ದೇಶದ ಅಧಿಕಾರವನ್ನು ಹೊರಗಿನ ಸಂಸ್ಥೆಗೆ ಬಿಟ್ಟುಕೊಡುವುದು ಇನ್ನೊಂದು. ಸ್ವಿಟ್ಜರ್ಲೆಂಡ್ ಯಾವುದೇ ಸಾಮೂಹಿಕ ರಕ್ಷಣಾ ಕೂಟಕ್ಕೆ ಅಥವಾ ದೇಶಗಳ ಮೇಲಿನ ಒಕ್ಕೂಟಕ್ಕೆ ಸೇರಬೇಕಾದರೆ ಜನಮತಗಣನೆ ಕಡ್ಡಾಯ. ಸಿಂಗಪುರದಲ್ಲಿ ಸಾರ್ವಭೌಮತ್ವ ಬಿಟ್ಟುಕೊಡುವ ಮಾತು ಬಂದರೆ ಚಲಾವಣೆಯಾದ ಮತಗಳಲ್ಲಿ ಮೂರನೇ ಎರಡು ಪಾಲು ಬೇಕು.

ಆಮೇಲೆ ನೆಲ, ಗಡಿ. ಜರ್ಮನಿಯ ಸಂವಿಧಾನದಲ್ಲಿ ಜನಮತಗಣನೆ ಇಲ್ಲವೇ ಇಲ್ಲ ಅಂತ ಜಾಸ್ತಿ ಜನ ತಿಳಿದಿದ್ದಾರೆ. ಆದರೆ ‘ಮೂಲ ಕಾನೂನು’ ಅಂತ ಕರೆಯುವ ಆ ಸಂವಿಧಾನದ 29ನೇ ವಿಧಿ, ರಾಜ್ಯಗಳ ಗಡಿಯನ್ನು ಹೊಸದಾಗಿ ಬರೆಯುವಾಗ ಅಲ್ಲಿನ ಜನರನ್ನು ಕೇಳಬೇಕು ಅನ್ನುತ್ತದೆ. 1996ರಲ್ಲಿ ಬರ್ಲಿನ್ ಮತ್ತು ಬ್ರಾಂಡೆನ್‌ಬರ್ಗ್ ಒಂದಾಗುವ ಯೋಚನೆ ಮತಗಟ್ಟೆಯಲ್ಲೇ ಬಿದ್ದುಹೋಯಿತು. ಬರ್ಲಿನ್ ಒಪ್ಪಿತು, ಬ್ರಾಂಡೆನ್‌ಬರ್ಗ್ ಒಪ್ಪಲಿಲ್ಲ.

ಡೆನ್ಮಾರ್ಕಿನ ಒಂದು ವಿಧಿ ನನಗೆ ತುಂಬಾ ಇಷ್ಟ. ಮತದಾನದ ವಯಸ್ಸು ಬದಲಿಸಬೇಕಾದರೂ ಅಲ್ಲಿ ಜನಮತಗಣನೆ ಬೇಕು. 1969ರಲ್ಲಿ 18ಕ್ಕೆ ಇಳಿಸೋಣವಾ ಅಂತ ಕೇಳಿದಾಗ ಜನ ದೊಡ್ಡ ಅಂತರದಲ್ಲಿ ಬೇಡ ಅಂದರು. 1971ರಲ್ಲಿ 20ಕ್ಕೆ ಒಪ್ಪಿದರು. 18ಕ್ಕೆ ಇಳಿದದ್ದು 1978ರಲ್ಲಿ.

ಪ್ರಶ್ನೆ: ಸಂಸತ್ತಿನಲ್ಲಿ ದೊಡ್ಡ ಬಹುಮತ ಸಿಕ್ಕರೂ ಜನರ ಹತ್ತಿರ ಹೋಗಬೇಕಾ?

ಉತ್ತರ: ಕೆಲವು ಕಡೆ ಬೇಡ. ಇಟಲಿಯಲ್ಲಿ ಎರಡೂ ಸದನ ಕೊನೆಯ ಸುತ್ತಿನಲ್ಲಿ ಮೂರನೇ ಎರಡು ಬಹುಮತ ಕೊಟ್ಟರೆ ತಿದ್ದುಪಡಿ ಅಲ್ಲಿಗೇ ಮುಗಿಯಿತು. ಅಷ್ಟು ಸಿಗದಿದ್ದರೆ ಮೂರು ತಿಂಗಳೊಳಗೆ 5 ಲಕ್ಷ ಮತದಾರರು, ಅಥವಾ ಐದು ಪ್ರಾದೇಶಿಕ ಸಭೆಗಳು, ಅಥವಾ ಒಂದು ಸದನದ ಐದನೇ ಒಂದು ಭಾಗ ಸದಸ್ಯರು ಜನಮತಗಣನೆ ಕೇಳಬಹುದು. 2016ರ ಡಿಸೆಂಬರ್ 4ರಂದು ಪ್ರಧಾನಿ ಮತ್ತೆಯೊ ರೆಂಝಿ ಸೋತದ್ದು ಈ ದಾರಿಯಲ್ಲೇ. ಡೆನ್ಮಾರ್ಕಿನಲ್ಲಿ ಅಧಿಕಾರವನ್ನು ಐರೋಪ್ಯ ಒಕ್ಕೂಟದಂಥ ಸಂಸ್ಥೆಗೆ ಕೊಡುವಾಗ ಸಂಸತ್ತಿನ ಆರನೇ ಐದು ಭಾಗ ಒಪ್ಪಿದರೆ ಸಾಕು. ಅಂದರೆ 179ರಲ್ಲಿ 150. ಸಾಮಾನ್ಯ ಬಹುಮತ ಮಾತ್ರ ಇದ್ದರೆ ಜನರ ಮುಂದೆ ಹೋಗಬೇಕು. 1972ರಲ್ಲಿ 141 ಮತ ಬಂದವು, ಒಂಬತ್ತು ಸಾಲಲಿಲ್ಲ, ಜನಮತಗಣನೆ ಆಯಿತು. ಜನ ಒಪ್ಪಿದರು.

ನನಗೆ ಈ ಪದ್ಧತಿ ಬಗ್ಗೆ ದೊಡ್ಡ ತಕರಾರಿಲ್ಲ. ವಿರೋಧ ಪಕ್ಷವೂ ಒಪ್ಪಿದ ಮಾತಾದರೆ ಬೀಗ ಸ್ವಲ್ಪ ಸಡಿಲ ಇರಲಿ. ಆದರೆ ಒಂದೇ ಪಕ್ಷಕ್ಕೆ ಮೂರನೇ ಎರಡು ಸ್ಥಾನ ಸಿಗುವ ದೇಶದಲ್ಲಿ ಇದೇ ನಿಯಮ ಇಟ್ಟರೆ ಬೀಗ ಇದ್ದೂ ಇಲ್ಲದ ಹಾಗೆ.

ಪ್ರಶ್ನೆ: ಇದಕ್ಕೆ ಜನಮತಗಣನೆ ಬೇಕಿಲ್ಲ ಅಂತ ಸರ್ಕಾರವೇ ಹೇಳಿಬಿಟ್ಟರೆ? ಬೇಕು, ಬೇಡ ಅಂತ ತೀರ್ಮಾನ ಮಾಡುವವರು ಯಾರು?

ಉತ್ತರ: ಈ ಪ್ರಶ್ನೆ ಕಳಿಸಿದವರಿಗೆ ನಿಜವಾಗಿ ಥ್ಯಾಂಕ್ಸ್ ಹೇಳಬೇಕು. ಬೀಗ ಎಷ್ಟೇ ಗಟ್ಟಿ ಇರಲಿ, ‘ಇದು ಆ ಬಾಗಿಲೇ ಅಲ್ಲ’ ಅಂದುಬಿಟ್ಟರೆ ಏನು ಮಾಡುವುದು?

ಐರ್ಲೆಂಡಿನಲ್ಲಿ ಇದು ನಡೆದಿದೆ. ಐರೋಪ್ಯ ಸಮುದಾಯದ (ಈಗಿನ ಐರೋಪ್ಯ ಒಕ್ಕೂಟದ ಹಿಂದಿನ ರೂಪ) 12 ದೇಶಗಳು 1986ರಲ್ಲಿ ಏಕ ಐರೋಪ್ಯ ಕಾಯ್ದೆ ಎಂಬ ಒಪ್ಪಂದಕ್ಕೆ ಸಹಿ ಹಾಕಿದ್ದವು. 1987ರ ಜನವರಿ 1ಕ್ಕೆ ಅದು ಜಾರಿಗೆ ಬರಬೇಕಿತ್ತು. ಸಂವಿಧಾನ ತಿದ್ದುವ ಅಗತ್ಯ ಇಲ್ಲ, ಸಂಸತ್ತು ಒಪ್ಪಿದರೆ ಸಾಕು ಅಂತ ಸರ್ಕಾರ ತಿಳಿದಿತ್ತು. ಆಗ ರೇಮಂಡ್ ಕ್ರಾಟಿ ಎಂಬುವರು ಕೋರ್ಟಿಗೆ ಹೋದರು. ಮುಂಚೆ ರೈತರಾಗಿದ್ದವರು, ಆಮೇಲೆ ಅರ್ಥಶಾಸ್ತ್ರ ಓದಿ ಕಲಿಸುತ್ತಿದ್ದವರು. ದೇಶದ ವಿದೇಶಾಂಗ ನೀತಿಯನ್ನು ಹೀಗೆ ಹೊರಗಿನವರ ಜೊತೆ ಕಟ್ಟಿಹಾಕುವುದಕ್ಕೆ ಸರ್ಕಾರಕ್ಕೆ ಅಧಿಕಾರ ಇಲ್ಲ, ಅದನ್ನು ಜನ ಕೊಡಬೇಕು ಅನ್ನುವುದು ಅವರ ವಾದದ ತಿರುಳು. 1986ರ ಡಿಸೆಂಬರ್ 24, ಕ್ರಿಸ್‌ಮಸ್ ಹಿಂದಿನ ದಿನ, ನ್ಯಾಯಾಧೀಶರು ತಡೆಯಾಜ್ಞೆ ಕೊಟ್ಟರು. ಒಂದು ವಾರ ಬಾಕಿ ಇತ್ತು ಅಷ್ಟೇ. ಒಬ್ಬ ಪ್ರಜೆಯ ಅರ್ಜಿಯಿಂದ 12 ದೇಶಗಳ ಒಪ್ಪಂದ ನಿಂತುಹೋಯಿತು.

ಹೈಕೋರ್ಟಿನಲ್ಲಿ ಅವರು ಸೋತರು. ಸುಪ್ರೀಂ ಕೋರ್ಟಿಗೆ ಹೋದರು. 1987ರ ಏಪ್ರಿಲ್‌ನಲ್ಲಿ ಐವರಲ್ಲಿ ಮೂವರು ನ್ಯಾಯಮೂರ್ತಿಗಳು, ಒಪ್ಪಂದದ ವಿದೇಶಾಂಗ ಸಹಕಾರದ ಭಾಗಕ್ಕೆ ಸಂವಿಧಾನ ತಿದ್ದುಪಡಿ ಬೇಕು ಅಂದರು. ತಿದ್ದುಪಡಿ ಬೇಕು ಅಂದರೆ ಜನಮತಗಣನೆ ಬೇಕು. ಮೇ 26ಕ್ಕೆ ಮತದಾನ ಆಯಿತು, ಸುಮಾರು ಶೇ 70ರಷ್ಟು ಜನ ಒಪ್ಪಿದರು, ಜುಲೈ 1ಕ್ಕೆ ಒಪ್ಪಂದ ಜಾರಿಗೆ ಬಂತು. ಹಾಗಾದರೆ ಕ್ರಾಟಿ ಸಾಧಿಸಿದ್ದೇನು ಅಂತ ಕೇಳಬಹುದು, ಒಪ್ಪಂದವಂತೂ ನಿಲ್ಲಲಿಲ್ಲವಲ್ಲ. ಆದರೆ ಅಲ್ಲಿಂದ ಮುಂದೆ ಮಾಸ್ಟ್ರಿಕ್ಟ್, ಆಮ್‌ಸ್ಟರ್‌ಡ್ಯಾಮ್, ನೀಸ್, ಲಿಸ್ಬನ್ ಅಂತ ಯಾವ ದೊಡ್ಡ ಐರೋಪ್ಯ ಒಪ್ಪಂದ ಬಂದರೂ ಐರ್ಲೆಂಡ್ ತನ್ನ ಜನರನ್ನು ಕೇಳಿದೆ. ಎರಡು ಸಲ ಜನ ‘ಬೇಡ’ ಅಂದಿದ್ದಾರೆ. ಅದು ಆ ಒಬ್ಬ ಮನುಷ್ಯ ಕೋರ್ಟಿನ ಬಾಗಿಲು ತಟ್ಟಿದ್ದರಿಂದ ಬಂದ ಪದ್ಧತಿ.

ಶ್ರೀಲಂಕಾದಲ್ಲಿ ಬೇರೆ ಥರ. ಅಲ್ಲಿ ಮಸೂದೆ ಪಾಸಾಗುವ ಮುಂಚೆಯೇ ಸುಪ್ರೀಂ ಕೋರ್ಟ್ ಅದನ್ನು ನೋಡಿ, ಇದಕ್ಕೆ ಜನಮತಗಣನೆ ಬೇಕೋ ಬೇಡವೋ ಹೇಳುತ್ತದೆ. 2015ರ 19ನೇ ತಿದ್ದುಪಡಿಯಲ್ಲಿ ಅಧ್ಯಕ್ಷರ ಕೆಲವು ಅಧಿಕಾರ ಪ್ರಧಾನಿಗೆ ಹೋಗುವ ಅಂಶಗಳಿಗೆ ಜನಮತಗಣನೆ ಬೇಕು ಅಂತ ಕೋರ್ಟ್ ಹೇಳಿತು. ಸರ್ಕಾರ ಆ ಅಂಶಗಳನ್ನು ಕೈಬಿಟ್ಟು ಉಳಿದದ್ದನ್ನು ಪಾಸು ಮಾಡಿಕೊಂಡಿತು. ಅಂದರೆ ಮತದಾನ ನಡೆಯದೆಯೇ ಆ ನಿಯಮ ಕೆಲಸ ಮಾಡಿತು.

ಪ್ರಶ್ನೆ: ಅರ್ಧಕ್ಕಿಂತ ಒಂದು ಮತ ಜಾಸ್ತಿ ಬಂದರೆ ಗೆದ್ದ ಹಾಗೆ ಅಲ್ವಾ? ಇದರಲ್ಲಿ ಲೆಕ್ಕಾಚಾರ ಏನಿದೆ?

ಉತ್ತರ: ಐರ್ಲೆಂಡಿನಲ್ಲಿ ಹೌದು, ಅಷ್ಟೇ. 1995ರ ನವೆಂಬರ್ 24ರಂದು ವಿಚ್ಛೇದನಕ್ಕೆ ಅವಕಾಶ ಕೊಡುವ ತಿದ್ದುಪಡಿಗೆ 8,18,842 ಜನ ಹೂಂ ಅಂದರು, 8,09,728 ಜನ ಉಹೂಂ ಅಂದರು. ವ್ಯತ್ಯಾಸ 9,114. ಹದಿನಾರು ಲಕ್ಷ ಮತಗಳಲ್ಲಿ ಒಂಬತ್ತು ಸಾವಿರ. ಅಷ್ಟಕ್ಕೇ ಸಂವಿಧಾನ ಬದಲಾಯಿತು, ಮುರಿದುಹೋದ ಮದುವೆಗಳಲ್ಲಿ ಸಿಕ್ಕಿಕೊಂಡಿದ್ದವರಿಗೆ ಹೊಸ ಬದುಕಿನ ದಾರಿ ಸಿಕ್ಕಿತು.

ಬೇರೆ ಕಡೆ ಇಷ್ಟು ಸುಲಭ ಇಲ್ಲ. ಆಸ್ಟ್ರೇಲಿಯಾದ ಸಂವಿಧಾನದ 128ನೇ ಸೆಕ್ಷನ್ ಎರಡು ಬಹುಮತ ಕೇಳುತ್ತದೆ. ದೇಶದ ಒಟ್ಟು ಮತದಲ್ಲಿ ಅರ್ಧಕ್ಕಿಂತ ಜಾಸ್ತಿ, ಜೊತೆಗೆ ಆರು ರಾಜ್ಯಗಳಲ್ಲಿ ನಾಲ್ಕರಲ್ಲಾದರೂ ಬಹುಮತ. 1977ರಲ್ಲಿ ಎರಡೂ ಸದನಗಳ ಚುನಾವಣೆ ಒಟ್ಟಿಗೇ ನಡೆಯಲಿ ಅನ್ನುವ ತಿದ್ದುಪಡಿಗೆ ದೇಶದಲ್ಲಿ ಶೇ 62ರಷ್ಟು ಮತ ಬಿತ್ತು. ಆದರೆ ಗೆದ್ದದ್ದು ಮೂರೇ ರಾಜ್ಯಗಳಲ್ಲಿ. ಬಿದ್ದುಹೋಯಿತು. ಇಲ್ಲಿಯವರೆಗೆ 45 ಪ್ರಸ್ತಾವಗಳಲ್ಲಿ ಪಾಸಾದದ್ದು 8. ಕೊನೆಯ ಸಲ ಪಾಸಾದದ್ದು ಅದೇ 1977ರಲ್ಲಿ. 2023ರ ಅಕ್ಟೋಬರ್ 14ರಂದು ಮೂಲನಿವಾಸಿಗಳ ಮಾತು ಸಂಸತ್ತಿಗೆ ತಲುಪಿಸುವ ಒಂದು ಸಮಿತಿಯನ್ನು ಸಂವಿಧಾನದಲ್ಲಿ ಸೇರಿಸೋಣ ಅಂತ ಕೇಳಿದಾಗ ಆರಕ್ಕೆ ಆರೂ ರಾಜ್ಯಗಳು ಬೇಡ ಅಂದವು. ಅಲ್ಲಿನ ಮತಪತ್ರದಲ್ಲಿ ಇನ್ನೊಂದು ವಿಶೇಷ ಇದೆ. ಚೌಕದಲ್ಲಿ ‘ಯೆಸ್’ ಅಥವಾ ‘ನೋ’ ಅಂತ ಅಕ್ಷರದಲ್ಲೇ ಬರೆಯಬೇಕು. ಟಿಕ್ ಹಾಕಿದರೆ ಯೆಸ್ ಅಂತ ಎಣಿಸಬಹುದು, ಆದರೆ ಇಂಟು ಗುರುತು ಹಾಕಿದರೆ ನೋ ಅಂತ ಎಣಿಸುವುದಿಲ್ಲ, ಯಾಕೆಂದರೆ ಜನ ಇಂಟು ಗುರುತನ್ನು ಒಪ್ಪಿಗೆಗೂ ಬಳಸುತ್ತಾರೆ. ಇದರ ಮೇಲೆ 2023ರಲ್ಲಿ ದೊಡ್ಡ ಜಗಳವೇ ಆಯಿತು.

ಸ್ವಿಟ್ಜರ್ಲೆಂಡಿನಲ್ಲೂ ಎರಡು ಬಹುಮತ ಬೇಕು, ಜನರದ್ದು ಮತ್ತು ಕ್ಯಾಂಟನ್‌ಗಳದ್ದು, ಅಂದರೆ ಅಲ್ಲಿನ ರಾಜ್ಯಗಳದ್ದು. 2020ರ ನವೆಂಬರ್‌ನಲ್ಲಿ ಸ್ವಿಸ್ ಕಂಪನಿಗಳು ಹೊರದೇಶದಲ್ಲಿ ಮಾಡುವ ಹಾನಿಗೂ ಹೊಣೆ ಹೊರಬೇಕು ಅನ್ನುವ ತಿದ್ದುಪಡಿಗೆ ಶೇ 50.7ರಷ್ಟು ಮತ ಬಂತು. ಕ್ಯಾಂಟನ್‌ಗಳ ಬಹುಮತ ಬರಲಿಲ್ಲ. ಅಲ್ಲಿಗೆ ಮುಗಿಯಿತು. ಕೆರಿಬಿಯನ್‌ನಲ್ಲಿ ನೆವಿಸ್ ಎಂಬ ಪುಟ್ಟ ದ್ವೀಪ ಸೇಂಟ್ ಕಿಟ್ಸ್‌ನಿಂದ ಬೇರೆಯಾಗಬೇಕು ಅಂತ 1998ರಲ್ಲಿ ಮತ ಹಾಕಿತು. ಬೇಕಾದದ್ದು ಮೂರನೇ ಎರಡು, ಬಂದದ್ದು ಶೇ 61.8. ಇವತ್ತಿಗೂ ಅವು ಒಂದೇ ದೇಶ.

ಎಲ್ಲಕ್ಕಿಂತ ನನ್ನನ್ನು ಕಾಡಿದ ಕಥೆ ಡೆನ್ಮಾರ್ಕಿನದು. 1939ರಲ್ಲಿ ಅಲ್ಲಿ ಹೊಸ ಸಂವಿಧಾನ ಜನರ ಮುಂದೆ ಬಂತು. ಒಟ್ಟು ಮತದಾರರಲ್ಲಿ ಶೇ 45ರಷ್ಟು ಜನ ‘ಹೂಂ’ ಅನ್ನಬೇಕು ಅನ್ನುವುದು ನಿಯಮ. ಮತ ಹಾಕಿದವರಲ್ಲಿ ಶೇ 91.9ರಷ್ಟು ಜನ ಹೂಂ ಅಂದರು. ಇಷ್ಟು ದೊಡ್ಡ ಗೆಲುವು ಯಾರಿಗೆ ಸಿಗುತ್ತದೆ? ಆದರೆ ಒಟ್ಟು ಮತದಾರರ ಲೆಕ್ಕ ತೆಗೆದಾಗ ಅದು ಶೇ 44.46 ಆಯಿತು. ಅರ್ಧ ಶೇಕಡಾ ಕಡಿಮೆ ಬಿತ್ತು, ಸಂವಿಧಾನ ಬಿದ್ದುಹೋಯಿತು. ಬೇಡ ಅಂದವರು ಹತ್ತರಲ್ಲಿ ಒಬ್ಬರೂ ಇರಲಿಲ್ಲ, ಸೋಲಿಸಿದ್ದು ಮನೆಯಲ್ಲಿ ಕೂತವರು. ಮತ್ತೆ ಪ್ರಯತ್ನ ಆದದ್ದು 1953ರಲ್ಲಿ. ಆ ಸಲ ಮೇಲ್ಮನೆ ರದ್ದು ಮಾಡುವುದರ ಜೊತೆಗೆ ಹೆಣ್ಣುಮಕ್ಕಳಿಗೂ ಸಿಂಹಾಸನದ ಹಕ್ಕು ಕೊಡುವ ಮಾತು ಸೇರಿತ್ತು. ಮೇಲ್ಮನೆ ಇರಲಿ ಬಿಡಲಿ ಅನ್ನುವುದಕ್ಕೆ ಮನೆಯಿಂದ ಏಳದವರು 13 ವರ್ಷದ ರಾಜಕುಮಾರಿ ಮಾರ್ಗರೆಟ್‌ಗಾಗಿ ಎದ್ದು ಬಂದರು ಅನ್ನುತ್ತಾರೆ. ಶೇ 45.8 ಬಂತು, ಕೂದಲೆಳೆಯಲ್ಲಿ ಪಾಸಾಯಿತು. ಆ ಹುಡುಗಿ 1972ರಲ್ಲಿ ರಾಣಿಯಾದರು. ಹೊಸ ಸಂವಿಧಾನದಲ್ಲಿ ಆ 45ನ್ನು 40ಕ್ಕೆ ಇಳಿಸಿದರು.

ಇಷ್ಟು ಜನ ಬಂದು ಮತ ಹಾಕಲೇಬೇಕು ಅನ್ನುವ ಮಿತಿ ಕೇಳಲು ನ್ಯಾಯವಾಗಿಯೇ ಇರುತ್ತದೆ. ಆದರೆ ಅದರಲ್ಲಿ ಒಂದು ಸಂಚಿನ ದಾರಿ ಇದೆ. ರುಮೇನಿಯಾದಲ್ಲಿ ಸಂಸತ್ತು ಅಧ್ಯಕ್ಷರನ್ನು ಅಮಾನತು ಮಾಡಿದರೆ ಮುಂದಿನ ತೀರ್ಮಾನ ಜನರದ್ದು, ಅದು ಸಂವಿಧಾನದ ಕಡ್ಡಾಯ. 2012ರಲ್ಲಿ ಅಧ್ಯಕ್ಷ ಟ್ರಾಯನ್ ಬಸೆಸ್ಕು ಅವರನ್ನು ಇಳಿಸಬೇಕು ಅಂತ ಶೇ 87ಕ್ಕಿಂತ ಜಾಸ್ತಿ ಮತ ಬಿತ್ತು. ಆದರೆ ಮತಗಟ್ಟೆಗೆ ಬಂದವರು ಶೇ 46. ಅರ್ಧದಷ್ಟು ಜನ ಬರಲಿಲ್ಲ ಅಂತ ಮತದಾನವೇ ಅಸಿಂಧು. ಅವರ ಕಡೆಯವರು ಮನೆಯಲ್ಲೇ ಇರಿ ಅಂತ ಹೇಳಿದ್ದರು. ‘ಬೇಡ’ ಅಂತ ಮತ ಹಾಕುವುದಕ್ಕಿಂತ ಹಾಕದೆ ಇರುವುದೇ ಲಾಭ ಅಂತಾದರೆ ನಿಯಮದಲ್ಲೇ ಏನೋ ತಪ್ಪಿದೆ. ಐರೋಪ್ಯ ಮಂಡಳಿಗೆ ಸಂವಿಧಾನದ ವಿಷಯದಲ್ಲಿ ಸಲಹೆ ಕೊಡುವ ವೆನಿಸ್ ಆಯೋಗವೂ ಇಂಥ ಮಿತಿ ಬೇಡ ಅಂತಲೇ ಹೇಳಿದೆ. ನನ್ನ ಅಭಿಪ್ರಾಯವೂ ಅದೇ. ಮನೆಯಲ್ಲಿ ಕೂತವರ ಮೌನವನ್ನು ಒಂದು ಕಡೆಯ ಮತ ಅಂತ ಎಣಿಸಬಾರದು.

ಪ್ರಶ್ನೆ: ಆಳುವವರು ಇದನ್ನೂ ದುರುಪಯೋಗ ಮಾಡಿಕೊಳ್ಳಲ್ವಾ?

ಉತ್ತರ: ಮಾಡಿಕೊಂಡಿದ್ದಾರೆ. ಮತ್ತೆ ಶ್ರೀಲಂಕಾಗೇ ಹೋಗೋಣ. 1977ರಲ್ಲಿ ಜೆ.ಆರ್. ಜಯವರ್ಧನೆ ಅವರ ಪಕ್ಷ ಸಂಸತ್ತಿನ ಆರನೇ ಐದು ಭಾಗ ಸ್ಥಾನ ಗೆದ್ದಿತ್ತು. ಮತ್ತೆ ಚುನಾವಣೆ ನಡೆದರೆ, ಮತಕ್ಕೆ ತಕ್ಕಷ್ಟೇ ಸ್ಥಾನ ಕೊಡುವ ಪ್ರಮಾಣಾನುಗುಣ ಪದ್ಧತಿ ಬಂದಿದ್ದರಿಂದ, ಅಷ್ಟು ಸ್ಥಾನ ಬರುವ ಹಾಗಿರಲಿಲ್ಲ. ಸಂಸತ್ತಿನ ಅವಧಿ ಆರು ವರ್ಷಕ್ಕಿಂತ ಜಾಸ್ತಿ ಮಾಡಬೇಕಾದರೆ ಜನಮತಗಣನೆ ಬೇಕು ಅಂತ ಅವರೇ ತಂದ ಸಂವಿಧಾನ ಹೇಳುತ್ತಿತ್ತು. ಸರಿ, ಜನಮತಗಣನೆಯನ್ನೇ ಮಾಡಿದರು. 1982ರ ಡಿಸೆಂಬರ್ 22. ಮತಪತ್ರದಲ್ಲಿ ಎರಡು ಚಿಹ್ನೆ. ಅವಧಿ ಮುಂದುವರಿಯಲಿ ಅನ್ನುವವರಿಗೆ ದೀಪ, ಬೇಡ ಅನ್ನುವವರಿಗೆ ಮಡಕೆ. ಉರಿಯುವ ದೀಪ ಮತ್ತು ಖಾಲಿ ಮಡಕೆ ಪಕ್ಕಪಕ್ಕ ಇಟ್ಟರೆ ಕಣ್ಣು ಯಾವುದರ ಕಡೆ ಹೋಗುತ್ತದೆ, ನೀವೇ ಹೇಳಿ. ದೀಪಕ್ಕೆ ಶೇ 54.7 ಬಂತು. 1977ರಲ್ಲಿ ಆಯ್ಕೆಯಾದ ಸಂಸತ್ತು ಒಂದೂ ಸಾರ್ವತ್ರಿಕ ಚುನಾವಣೆ ಎದುರಿಸದೆ 1988ರ ಕೊನೆಯವರೆಗೆ ನಡೆಯಿತು. ಅಷ್ಟರಲ್ಲಿ ದೇಶದಲ್ಲಿ ಯುದ್ಧ ಹೊತ್ತಿಕೊಂಡಿತ್ತು.

ನಿಯಮದ ಅಕ್ಷರ ಅಲ್ಲಿ ಪೂರ್ತಿ ಪಾಲನೆಯಾಯಿತು. ಅದಕ್ಕೇ ಕಡ್ಡಾಯ ಅನ್ನುವ ಒಂದು ಪದ ನೋಡಿ ಖುಷಿಪಡುವ ಹಾಗಿಲ್ಲ. ಪ್ರಶ್ನೆ ಬರೆಯುವವರು ಯಾರು, ಎರಡೂ ಕಡೆಗೆ ಸಮಾನವಾಗಿ ಮಾತಾಡಲು ಅವಕಾಶ ಇದೆಯಾ, ಸರ್ಕಾರಿ ದುಡ್ಡು ಒಂದೇ ಕಡೆಗೆ ಸುರಿಯುತ್ತಿದೆಯಾ, ಇದನ್ನೂ ನೋಡಬೇಕು. ಐರ್ಲೆಂಡಿನ ಸುಪ್ರೀಂ ಕೋರ್ಟ್ 1995ರಲ್ಲಿ, ಅದೇ ವಿಚ್ಛೇದನದ ಮತದಾನಕ್ಕೆ ಒಂದು ವಾರ ಇರುವಾಗ, ಸಾರ್ವಜನಿಕರ ಹಣವನ್ನು ಒಂದು ಕಡೆಯ ಪ್ರಚಾರಕ್ಕೆ ಬಳಸಬಾರದು ಅಂತ ತೀರ್ಪು ಕೊಟ್ಟಿತು. ಆ ತೀರ್ಪು ಪ್ರತಿ ದೇಶದಲ್ಲೂ ಇರಬೇಕು ಅನ್ನಿಸುತ್ತದೆ.

ಪ್ರಶ್ನೆ: ಸಂವಿಧಾನ ಅಂದರೆ ಕಾನೂನು ಓದಿದವರಿಗೇ ಕಷ್ಟ. ಸಾಮಾನ್ಯ ಜನರಿಗೆ ಏನು ಗೊತ್ತಾಗುತ್ತದೆ ಅಂತ ಅವರನ್ನು ಕೇಳಬೇಕು?

ಉತ್ತರ: ಈ ಮಾತನ್ನು ನಾನು ಒಪ್ಪುವುದಿಲ್ಲ. ಮದುವೆ ಮುರಿಯುವುದು ಹೇಗಿರುತ್ತದೆ ಅಂತ ಕಾನೂನು ಓದಿದವರಿಗಿಂತ ಅದನ್ನು ಅನುಭವಿಸಿದವರಿಗೆ ಚೆನ್ನಾಗಿ ಗೊತ್ತು. ಜನರಿಗೆ ತಿಳಿಸುವ ಕೆಲಸ ಸರಿಯಾಗಿ ಆಗಬೇಕು, ಅದು ನಿಜ. ಸ್ವಿಟ್ಜರ್ಲೆಂಡಿನಲ್ಲಿ ಪ್ರತಿ ಮತದಾನಕ್ಕೂ ಮುಂಚೆ ಒಂದು ಪುಟ್ಟ ವಿವರಣೆ ಪುಸ್ತಕ ಮನೆಗೇ ಬರುತ್ತದೆ. ಆಸ್ಟ್ರೇಲಿಯಾದಲ್ಲಿ ಪರ ಒಂದು, ವಿರೋಧ ಒಂದು ಅಂತ ತಲಾ 2,000 ಪದಗಳೊಳಗಿನ ವಾದ ಮನೆಮನೆಗೆ ಹೋಗುತ್ತದೆ. ಐರ್ಲೆಂಡಿನಲ್ಲಿ ಗರ್ಭಪಾತದ ವಿಷಯ 2018ರಲ್ಲಿ ಮತಕ್ಕೆ ಬರುವ ಮುಂಚೆ, ಚೀಟಿ ಎತ್ತಿದ ಹಾಗೆ ಆರಿಸಿದ 99 ಸಾಮಾನ್ಯ ಪ್ರಜೆಗಳು ತಿಂಗಳುಗಟ್ಟಲೆ ವಾರಾಂತ್ಯದಲ್ಲಿ ಕೂತು, ವೈದ್ಯರನ್ನೂ ವಕೀಲರನ್ನೂ ಕೇಳಿ ಚರ್ಚೆ ಮಾಡಿದ್ದರು.

ನನ್ನ ಆತಂಕ ಬೇರೆ ಕಡೆ ಇದೆ. ಮತದಾರರ ಪಟ್ಟಿಯಲ್ಲೇ ಹೆಸರಿಲ್ಲದವರ ಗತಿ ಏನು? 1959ರ ಫೆಬ್ರುವರಿ 1ರಂದು ಸ್ವಿಟ್ಜರ್ಲೆಂಡಿನಲ್ಲಿ ಮಹಿಳೆಯರಿಗೆ ಮತದಾನದ ಹಕ್ಕು ಕೊಡಬೇಕಾ ಅಂತ ಜನಮತಗಣನೆ ಆಯಿತು. ಅದು ಸಂವಿಧಾನದ ತಿದ್ದುಪಡಿ, ಆದ್ದರಿಂದ ಕಡ್ಡಾಯ. ಮತ ಹಾಕಿದವರೆಲ್ಲ ಗಂಡಸರು. ಮೂರರಲ್ಲಿ ಇಬ್ಬರು ಬೇಡ ಅಂದರು. ಹೆಂಡತಿ, ತಾಯಿ, ಮಗಳು ಮನೆಯಲ್ಲಿ ಕಾಯುತ್ತಿದ್ದರು. ಅವರ ಹಕ್ಕಿನ ಪ್ರಶ್ನೆಗೆ ಅವರಿಗೇ ಉತ್ತರ ಕೊಡುವ ಅವಕಾಶ ಇರಲಿಲ್ಲ. ಸಂಸತ್ತು ಆ ತಿದ್ದುಪಡಿಯನ್ನು ಒಪ್ಪಿತ್ತು, ಅಂದರೆ ಜನಮತಗಣನೆ ಇಲ್ಲದಿದ್ದರೆ ಆ ಹಕ್ಕು ಆಗಲೇ ಸಿಗುತ್ತಿತ್ತು. 1971ರ ಫೆಬ್ರುವರಿ 7ರವರೆಗೆ, ಅಂದರೆ ಇನ್ನೂ ಹನ್ನೆರಡು ವರ್ಷ, ಕಾಯಬೇಕಾಯಿತು. ಕಡ್ಡಾಯ ಜನಮತಗಣನೆಯ ಪರವಾಗಿ ಇಷ್ಟೆಲ್ಲ ಬರೆಯುತ್ತಿರುವ ನಾನು ಈ ಹನ್ನೆರಡು ವರ್ಷವನ್ನು ಬದಿಗೆ ಸರಿಸಿ ಮಾತಾಡಲಾರೆ. ಒಂದು ಗುಂಪಿನ ಹಕ್ಕನ್ನು ಇನ್ನೊಂದು ಗುಂಪಿನ ಮತಕ್ಕೆ ಬಿಡುವಾಗ ನೂರು ಸಲ ಯೋಚಿಸಬೇಕು.

ಪ್ರಶ್ನೆ: ಜನ ‘ಬೇಡ’ ಅಂದಮೇಲೂ ಮತ್ತೆ ಕೇಳಿದರೆ ಅದು ಮೋಸ ಅಲ್ವಾ?

ಉತ್ತರ: ಯಾವಾಗಲೂ ಅಲ್ಲ. ಡೆನ್ಮಾರ್ಕ್ 1992ರ ಜೂನ್‌ನಲ್ಲಿ ಮಾಸ್ಟ್ರಿಕ್ಟ್ ಒಪ್ಪಂದವನ್ನು ಶೇ 50.7ರಷ್ಟು ಮತದಿಂದ ತಿರಸ್ಕರಿಸಿತು. ಆಮೇಲೆ ಸರ್ಕಾರ ಬೇರೆ ದೇಶಗಳ ಜೊತೆ ಕೂತು, ಒಂದೇ ನಾಣ್ಯ, ರಕ್ಷಣೆ ಸೇರಿ ನಾಲ್ಕು ವಿಷಯಗಳಲ್ಲಿ ವಿನಾಯಿತಿ ತಂದಿತು. 1993ರ ಮೇನಲ್ಲಿ ಶೇ 56.7ರಷ್ಟು ಒಪ್ಪಿಗೆ ಸಿಕ್ಕಿತು. ಎರಡನೇ ಸಲ ಕೇಳಿದ್ದು ಬೇರೆಯೇ ಪ್ರಶ್ನೆ. ಏನೂ ಬದಲಿಸದೆ ಅದೇ ಮಾತನ್ನು ಒಪ್ಪುವವರೆಗೂ ಕೇಳುತ್ತಾ ಹೋದರೆ ಆಗ ನಿಮ್ಮ ಸಿಟ್ಟು ನ್ಯಾಯವಾದದ್ದು.

ಪ್ರಶ್ನೆ: ಭಾರತದ ಸಂವಿಧಾನದಲ್ಲಿ ಇದಕ್ಕೆ ಜಾಗ ಇದೆಯಾ?

ಉತ್ತರ: ಇಲ್ಲ. 368ನೇ ವಿಧಿಯಲ್ಲಿ ಸಂಸತ್ತಿನ ವಿಶೇಷ ಬಹುಮತ, ಕೆಲವು ವಿಷಯಗಳಿಗೆ ಅರ್ಧದಷ್ಟು ರಾಜ್ಯಗಳ ಶಾಸನಸಭೆಗಳ ಒಪ್ಪಿಗೆ, ಅಷ್ಟೇ ಇದೆ. ಆದರೆ ಒಂದು ಸಲ ತುಂಬಾ ಹತ್ತಿರ ಬಂದಿತ್ತು. ತುರ್ತುಪರಿಸ್ಥಿತಿ ಮುಗಿದಮೇಲೆ ಜನತಾ ಸರ್ಕಾರ 1978ರಲ್ಲಿ ತಂದ 45ನೇ ತಿದ್ದುಪಡಿ ಮಸೂದೆಯಲ್ಲಿ, ಜಾತ್ಯತೀತ ಅಥವಾ ಪ್ರಜಾಪ್ರಭುತ್ವದ ಸ್ವರೂಪ, ಮೂಲಭೂತ ಹಕ್ಕು, ಮುಕ್ತ ಚುನಾವಣೆ, ನ್ಯಾಯಾಂಗದ ಸ್ವಾತಂತ್ರ್ಯ ಇವಕ್ಕೆ ಧಕ್ಕೆ ತರುವ ತಿದ್ದುಪಡಿ ಜನಮತಗಣನೆಯಲ್ಲಿ ಗೆಲ್ಲಬೇಕು, ಅದರಲ್ಲಿ ಶೇ 51ರಷ್ಟಾದರೂ ಮತದಾರರು ಭಾಗವಹಿಸಿರಬೇಕು ಅಂತ ಇತ್ತು. ಲೋಕಸಭೆ ಪಾಸು ಮಾಡಿತು. ರಾಜ್ಯಸಭೆ ಆ ಅಂಶ ತೆಗೆಸಿತು. ಉಳಿದದ್ದು 44ನೇ ತಿದ್ದುಪಡಿಯಾಯಿತು. ಹಾಗಾಗಿ ಸಂವಿಧಾನದ ಮೂಲ ರಚನೆ, ಅಂದರೆ ಸಂಸತ್ತೂ ಕೆಡಿಸಲಾಗದ ಅದರ ತಿರುಳನ್ನು ಕಾಯುವ ಕೆಲಸ, 1973ರ ಕೇಶವಾನಂದ ಭಾರತಿ ತೀರ್ಪಿನ ಪ್ರಕಾರ, ಕೋರ್ಟಿನ ಹತ್ತಿರವೇ ಉಳಿದಿದೆ.

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿನಿ. ಒಂದು ದೇಶದಲ್ಲಿ ಜನಮತಗಣನೆ ಕಡ್ಡಾಯವಾ ಅಂತ ತಿಳಿಯಲು ಸಂವಿಧಾನದಲ್ಲಿ ಎಲ್ಲಿ ಹುಡುಕಲಿ?

ಉತ್ತರ: ಮೊದಲು ಕೊನೆಯ ಪುಟಗಳಿಗೆ ಹೋಗಮ್ಮ. ತಿದ್ದುಪಡಿಯ ಅಧ್ಯಾಯ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಆಸ್ಟ್ರೇಲಿಯಾದ 128 ಅವರ ಕೊನೆಯ ಸೆಕ್ಷನ್. ಡೆನ್ಮಾರ್ಕಿನ 88, ದಕ್ಷಿಣ ಕೊರಿಯಾದ 130, ಎಲ್ಲ ಕೊನೆಗೇ. ಆಮೇಲೆ ಅಂತರರಾಷ್ಟ್ರೀಯ ಒಪ್ಪಂದಗಳ ವಿಧಿ ನೋಡು. ಅಲ್ಲಿ ಕ್ರಿಯಾಪದದ ಮೇಲೆ ಕಣ್ಣಿಡು, ‘ಬಹುದು’ ಇದೆಯಾ ‘ಬೇಕು’ ಇದೆಯಾ ಅಂತ. ಜನರನ್ನು ಕೇಳಲು ಎಷ್ಟು ದಿನದ ಗಡುವು ಇದೆ ಅನ್ನುವುದನ್ನೂ ಬರೆದುಕೋ. ಕೊರಿಯಾದಲ್ಲಿ ರಾಷ್ಟ್ರಸಭೆ ಒಪ್ಪಿದ 30 ದಿನದೊಳಗೆ ಆಗಬೇಕು, ಡೆನ್ಮಾರ್ಕಿನಲ್ಲಿ ನಡುವೆ ಒಂದು ಚುನಾವಣೆ ಕಳೆದು, ಹೊಸ ಸಂಸತ್ತೂ ಒಪ್ಪಿ, ಆರು ತಿಂಗಳೊಳಗೆ.

ಸಂವಿಧಾನದಲ್ಲಿ ಬರೆದಿದ್ದರೂ ಅದನ್ನು ನಡೆಸುವ ಕಾನೂನು ಇದೆಯಾ ಅಂತ ಬೇರೆ ಹುಡುಕಬೇಕಾಗುತ್ತದೆ. ಜಪಾನಿನ 96ನೇ ವಿಧಿ 1947ರಿಂದ ಜನಮತಗಣನೆ ಕಡ್ಡಾಯ ಅನ್ನುತ್ತಿದೆ. ಪ್ರತಿ ಸದನದಲ್ಲೂ ಒಟ್ಟು ಸದಸ್ಯರಲ್ಲಿ ಮೂರನೇ ಎರಡು, ಆಮೇಲೆ ಜನರ ಬಹುಮತ. ಮತಪತ್ರ ಹೇಗಿರಬೇಕು, ಯಾರು ಮತ ಹಾಕಬಹುದು, ಹೇಗೆ ಎಣಿಸಬೇಕು ಅನ್ನುವ ಕಾನೂನನ್ನು ಅವರ ಸಂಸತ್ತು ಮಾಡಿದ್ದು 2007ರಲ್ಲಿ, ಅರವತ್ತು ವರ್ಷ ಆದಮೇಲೆ. ಆ ಕಾನೂನಿನ ಪ್ರಕಾರ ಈಗ 18 ತುಂಬಿದವರು ಮತ ಹಾಕಬಹುದು. ಇನ್ನೂ ಒಂದು ಸಲವೂ ಅವರನ್ನು ಕರೆದಿಲ್ಲ.